ಮೂಡುಬಿದಿರೆ: ಹಿರಿಯರ ಗಳಿಕೆ, ಕಿರಿಯರ ಹೊಣೆ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ಬಸದಿಯೊಂದರ ಪ್ರತಿಷ್ಠೆ ನಡೆಯುವ ದಿನವು ಊರಿನ ಪಾಲಿಗೆ ಹಬ್ಬದ ದಿನ. ಅಂದು ತೋರಣ, ವಾದ್ಯ, ಕಲಶ, ಜನಸಂದಣಿ ಎಲ್ಲವೂ ಉಂಟು. ಆದರೆ ಚಪ್ಪರವನ್ನು ಬಿಚ್ಚಿದ ಮರುದಿನದಿಂದ ಆ ಬಸದಿಯ ನಿಜವಾದ ಆಯುಷ್ಯವು ಆರಂಭವಾಗುತ್ತದೆ. ಕಟ್ಟುವುದು ಒಂದು ತಲೆಮಾರಿನ ಪುಣ್ಯವಾದರೆ, ಉಳಿಸುವುದು ಮುಂದಿನ ಎಲ್ಲ ತಲೆಮಾರುಗಳ ಕರ್ತವ್ಯ. ಈ ಮಾತಿಗೆ ದೃಷ್ಟಾಂತವಾಗಿ ನಿಲ್ಲಬಲ್ಲ ಒಂದು ಊರು ಕರಾವಳಿಯಲ್ಲಿದೆ. ಅದುವೆ ಜೈನಕಾಶಿಯೆಂದು ಪ್ರಖ್ಯಾತವಾದ ಮೂಡುಬಿದಿರೆ. ಒಂದು ಕಡೆ ಶತಮಾನಗಳ ಪರಂಪರೆ, ಇನ್ನೊಂದು ಕಡೆ ದಿನದಿಂದ ದಿನಕ್ಕೆ ಬೆಳೆಯುತ್ತಿರುವ ಪಟ್ಟಣ. ಇವೆರಡೂ ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತಿರುವುದನ್ನು ಅಲ್ಲಿ ಕಾಣಬಹುದು.

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿ, ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಈ ಊರು ನೆಲಸಿದೆ. ಹಿಂದೆ ಇಲ್ಲಿ ಬಿದಿರಿನ ಮೆಳೆಗಳು ದಟ್ಟವಾಗಿದ್ದುದರಿಂದ ‘ಬಿದಿರೆ’ ಎಂಬ ಹೆಸರು ಬಂದಿತು. ಕಡಲ ಬದಿಯದು ಪಡುಬಿದ್ರಿಯಾದರೆ ಮೂಡಣ ದಿಕ್ಕಿನದು ಮೂಡುಬಿದಿರೆಯಾಯಿತು. ಸಂಸ್ಕೃತದಲ್ಲಿ ಬರೆದವರು ಇದನ್ನು ವೇಣುಪುರವೆಂದೂ ವಂಶಪುರವೆಂದೂ ಕರೆದರು. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರೆಂಬುದು ಜನಜನಿತವಾದ ಮಾತು. ಜಿನಾಲಯವೂ ದೇವಾಲಯವೂ ನೀರಿನ ನೆಲೆಯೂ ಒಂದೇ ಎಣಿಕೆಯಲ್ಲಿ ಬಂದಿರುವ ಈ ಮಾತಿನಲ್ಲಿ ಒಂದು ಪಟ್ಟಣದ ಬಾಳ್ವೆಯ ಕ್ರಮವೇ ಅಡಗಿದೆ.

ಈ ಹದಿನೆಂಟು ಬಸದಿಗಳ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ಗುರು ಬಸದಿ, ತ್ರಿಭುವನ ತಿಲಕ ಚೂಡಾಮಣಿ ಬಸದಿ, ಬಡಗ ಬಸದಿ, ಪಡು ಬಸದಿ, ಹಿರೇ ಬಸದಿ, ಕೆರೆ ಬಸದಿ, ಕಲ್ಲು ಬಸದಿ, ಲೆಪ್ಪದ ಬಸದಿ ಮುಂತಾದವುಗಳ ಜೊತೆಯಲ್ಲಿಯೆ ಶೆಟ್ಟರ ಬಸದಿ, ವಿಕ್ರಮ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ ಎಂಬ ಹೆಸರುಗಳೂ ಬರುತ್ತವೆ. ಅಂದರೆ ಈ ಊರನ್ನು ಅರಸರು ಮಾತ್ರ ಕಟ್ಟಲಿಲ್ಲ. ಅಂಗಡಿಯಲ್ಲಿ ಕುಳಿತು ತಕ್ಕಡಿ ಹಿಡಿದವರೂ ಕಟ್ಟಿದರು. ಘಟ್ಟದ ಕಡೆಯಿಂದ ಸರಕು ಇಳಿಯುವ, ಕಡಲ ಬಂದರುಗಳಿಂದ ಸರಕು ಏರುವ ನಾಡಿನಲ್ಲಿ ಬಿದಿರೆಯಿತ್ತು. ತುಳುನಾಡಿನ ಅಕ್ಕಿಯೂ ಕರಿಮೆಣಸೂ ಹಡಗುಗಳಲ್ಲಿ ದೂರದೇಶಗಳಿಗೆ ಹೋಗುತ್ತಿದ್ದ ಕಾಲವದು. ಆ ವ್ಯಾಪಾರದ ಲಾಭದಲ್ಲಿ ಒಂದು ಪಾಲು ಶಿಲೆಯಾಯಿತು, ಒಂದು ಪಾಲು ಲೋಹದ ಮೂರ್ತಿಯಾಯಿತು, ಒಂದು ಪಾಲು ತಾಳೆಯ ಗರಿಯ ಮೇಲಿನ ಅಕ್ಷರವಾಯಿತು.

ತ್ರಿಭುವನ ತಿಲಕ ಚೂಡಾಮಣಿ ಬಸದಿಯನ್ನು ಜನರು ಸಾವಿರ ಕಂಬದ ಬಸದಿಯೆಂದು ಕರೆಯುತ್ತಾರೆ. ಅದಕ್ಕೆ ಇನ್ನೊಂದು ಹೆಸರೂ ಉಂಟು: ‘ಹೊಸ ಬಸದಿ’. 1430ರಲ್ಲಿ, ವಿಜಯನಗರದ ಎರಡನೆಯ ದೇವರಾಯನ ಆಳ್ವಿಕೆಯ ಕಾಲದಲ್ಲಿ, ಊರಿನ ಜೈನ ವರ್ತಕರು ಮುಂದೆ ನಿಂತು ನಿರ್ಮಿಸಿದ ಈ ಬಸದಿಯು ಆರುನೂರು ವರ್ಷಗಳನ್ನು ಸಮೀಪಿಸುತ್ತಿದ್ದರೂ ಊರವರ ಬಾಯಿಯಲ್ಲಿ ಇನ್ನೂ ಹೊಸದಾಗಿಯೆ ಉಳಿದಿದೆ. ಇದು ಒಮ್ಮೆಗೆ ಮುಗಿದ ಕೆಲಸವೂ ಅಲ್ಲ. ಆ ಶತಮಾನದಲ್ಲಿಯೆ ಮುಂಭಾಗದಲ್ಲಿ ಭೈರಾದೇವಿ ಮಂಟಪ ಸೇರಿತು. ಕಾರ್ಕಳದ ಭೈರರಸ ಮನೆತನದ ರಾಣಿ ನಾಗಲದೇವಿಯು ಏಕಶಿಲೆಯ ಮಾನಸ್ತಂಭವನ್ನು ನಿಲ್ಲಿಸಿದಳು. ಒಬ್ಬರು ಆರಂಭಿಸಿದುದನ್ನು ಇನ್ನೊಬ್ಬರು ಮುಂದುವರಿಸಿದರು. ಯಾರೂ ಹಿಂದಿನವರ ಕೆಲಸವನ್ನು ಅಳಿಸಿ ತಮ್ಮ ಹೆಸರನ್ನು ಮೇಲೆ ಬರೆಯಲಿಲ್ಲ. ಕಾರ್ಕಳದ ಬೆಟ್ಟದ ಮೇಲೆ 42 ಅಡಿಯ ಬಾಹುಬಲಿಯ ವಿಗ್ರಹ ಪ್ರತಿಷ್ಠೆಯಾದುದು 1432ರಲ್ಲಿ. ಎರಡೇ ವರ್ಷಗಳ ಅಂತರದಲ್ಲಿ, ಒಂದು ದಿನದ ಕಾಲುನಡಿಗೆಯ ದೂರದಲ್ಲಿ, ಇಂತಹ ಎರಡು ಮಹಾಕಾರ್ಯಗಳು ನೆರವೇರಿದುವೆಂದರೆ ಆ ಕಾಲದ ಶ್ರದ್ಧೆಯನ್ನೂ ಸಂಪತ್ತನ್ನೂ ಊಹಿಸಬಹುದು.

ಆ ಬಸದಿಯ ರಚನೆಯಲ್ಲಿ ಅನುಭವದ ವಿವೇಕವಿದೆ. ಕರಾವಳಿಯ ಮಳೆಯು ಸಾಮಾನ್ಯ ಮಳೆಯಲ್ಲ. ಅದನ್ನರಿತ ಶಿಲ್ಪಿಗಳು ಕೆಳಗೆ ಶಿಲೆಯನ್ನೂ ಮೇಲಣ ಅಂತಸ್ತಿನಲ್ಲಿ ಮರವನ್ನೂ ಬಳಸಿ, ಇಳಿಜಾರಾದ ಮಾಡುಗಳನ್ನು ಕೊಟ್ಟು, ತಾಮ್ರದ ತಗಡು ಹೊದಿಸಿದರು. ಸ್ಕಾಟ್ಲೆಂಡಿನ ವಿದ್ವಾಂಸನಾದ ಜೇಮ್ಸ್ ಫರ್ಗುಸನ್ನನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಮಾಡುಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದನು. ಗರ್ಭಗೃಹದಲ್ಲಿ ಪಂಚಲೋಹದ ಚಂದ್ರನಾಥ ಸ್ವಾಮಿಯ ಸುಮಾರು 8 ಅಡಿ ಎತ್ತರದ ಭವ್ಯ ಮೂರ್ತಿ. ಹೊರಗೆ ಬಗೆಬಗೆಯ ಕೆತ್ತನೆಯ ಕಂಬಗಳು. ಭೈರಾದೇವಿ ಮಂಟಪದ ಅಧಿಷ್ಠಾನದ ಮೇಲೆ ಜಿರಾಫೆಯ ಚಿತ್ರವೂ ಚೀನಾದೇಶದ ಘಟಸರ್ಪದ ಚಿತ್ರವೂ ಕಂಡುಬರುತ್ತವೆ. ಜಿರಾಫೆಯು ಆಫ್ರಿಕಾದ ಪ್ರಾಣಿ. ಕಡಲಾಚೆಯ ವ್ಯಾಪಾರವು ಸರಕಿನೊಡನೆ ಸುದ್ದಿಯನ್ನೂ ತರುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊರಗಿನದನ್ನು ಕಂಡು ಅಂಜದೆ, ಅದನ್ನೂ ತನ್ನ ಬಸದಿಯ ಗೋಡೆಗೆ ತಂದುಕೊಂಡ ಊರಿದು.

ಈ ಊರಿನ ಇನ್ನೊಂದು ಹೆಮ್ಮೆ ಚೌಟರ ಅರಮನೆ. ಪೋರ್ಚುಗೀಸರನ್ನು ಎದುರಿಸಿ ನಿಂತ ಉಳ್ಳಾಲದ ರಾಣಿ ಅಬ್ಬಕ್ಕನ ಮನೆತನವೆ ಈ ಚೌಟರದು. ಪುತ್ತಿಗೆಯಿಂದ ಅವರ ರಾಜಧಾನಿಯು 17ನೆಯ ಶತಮಾನದಲ್ಲಿ ಮೂಡುಬಿದಿರೆಗೆ ಬಂದಿತು. ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ, ಪಂಚನಾರೀತುರಗ ಎಂಬ ಎರಡು ಕೆತ್ತನೆಗಳು ಪ್ರಸಿದ್ಧವಾಗಿವೆ. ಒಂಬತ್ತು ಮಂದಿ ಸ್ತ್ರೀಯರು ಸೇರಿ ಒಂದು ಆನೆಯಾಗಿದ್ದಾರೆ. ಐದು ಮಂದಿ ಸೇರಿ ಒಂದು ಕುದುರೆಯಾಗಿದ್ದಾರೆ. ಬೇರೆಬೇರೆಯಾಗಿ ನೋಡಿದರೆ ಒಬ್ಬೊಬ್ಬರೂ ಕಾಣುತ್ತಾರೆ. ಒಟ್ಟಾಗಿ ನೋಡಿದರೆ ಆನೆಯ ಬಲವು ಕಾಣುತ್ತದೆ. ಊರೆಂದರೆ ಏನೆಂಬುದನ್ನು ಆ ಬಡಗಿಯು ಮಾತಿಲ್ಲದೆ ಹೇಳಿದ್ದಾನೆ.

ಇಷ್ಟು ವೈಭವವಿದ್ದ ಊರಿನಲ್ಲಿ ತಪ್ಪುಗಳೂ ನಡೆದಿವೆ. ಪುಣ್ಯಕ್ಷೇತ್ರದ ಗುಣಗಾನದಲ್ಲಿ ಅವನ್ನು ಮುಚ್ಚಿಡುವುದು ವಾಡಿಕೆ. ಆದರೆ ಲೆಕ್ಕದ ಪುಸ್ತಕದಲ್ಲಿ ಜಮೆಯ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಬಿಟ್ಟರೆ ಅದು ಲೆಕ್ಕವೆನಿಸದು.

‘ಭರತೇಶ ವೈಭವ’ವನ್ನು ರಚಿಸಿದ ರತ್ನಾಕರವರ್ಣಿಯು ಈ ಊರಿನ ಮಗ. 16ನೆಯ ಶತಮಾನದ ಈ ಮಹಾಕವಿಯು ಪಂಡಿತರಿಗೆ ಮಾತ್ರ ತಿಳಿಯುವ ಹಾದಿಯನ್ನು ಬಿಟ್ಟು, ಹಾಡಿಕೊಳ್ಳಲು ಸುಲಭವಾದ ಸಾಂಗತ್ಯವನ್ನು ಆರಿಸಿಕೊಂಡನು. ಸುಮಾರು ಹತ್ತು ಸಾವಿರ ಪದ್ಯಗಳಲ್ಲಿ ಭೋಗದ ನಡುವೆ ಯೋಗಿಯಾಗಿ ಬಾಳಿದ ಭರತ ಚಕ್ರವರ್ತಿಯನ್ನು ಚಿತ್ರಿಸಿದನು. ಆ ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಕವಿಯು ಕೇಳಿದಾಗ, ಕೆಲವು ಪದ್ಯಗಳು ಶಾಸ್ತ್ರಕ್ಕೆ ಹೊಂದುವುದಿಲ್ಲವೆಂಬ ಕಾರಣದಿಂದ ಒಪ್ಪಿಗೆ ಸಿಗಲಿಲ್ಲವೆಂದೂ, ನೊಂದ ಕವಿಯು ಕೆಲಕಾಲ ಮತವನ್ನೇ ಬಿಟ್ಟು ಹೋಗಿ ಮತ್ತೆ ಮರಳಿದನೆಂದೂ ಪರಂಪರೆಯ ಕಥೆ ಹೇಳುತ್ತದೆ. ಕಥೆಯ ಸತ್ಯಾಸತ್ಯವು ಹೇಗೆಯೆ ಇರಲಿ, ಅದನ್ನು ಮರೆಯದೆ ಹೇಳುತ್ತ ಬಂದವರು ಜೈನರೇ ಎಂಬುದು ಗಮನಾರ್ಹ. ಆನೆಯ ಮೇಲೆ ಮೆರೆಯದ ಆ ಕಾವ್ಯವು ಶ್ರಾವಕ ಶ್ರಾವಿಕೆಯರ ಕಂಠದಲ್ಲಿ ಮೆರೆಯಿತು. ಬಾಗಿಲು ಮುಚ್ಚಿದರೂ ಜನರ ನಾಲಿಗೆಯನ್ನು ಯಾರೂ ಮುಚ್ಚಲಾರರೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯ ಪ್ರಸಂಗವು ಇದಕ್ಕಿಂತ ಗಂಭೀರವಾದುದು. ಗುರು ಬಸದಿಯನ್ನು ಸಿದ್ಧಾಂತ ಬಸದಿಯೆಂದೂ ಕರೆಯುವುದಕ್ಕೆ ಕಾರಣವಿದೆ. ಧವಲಾ, ಜಯಧವಲಾ, ಮಹಾಬಂಧ ಎಂಬ ದಿಗಂಬರ ಪರಂಪರೆಯ ಸಿದ್ಧಾಂತ ಗ್ರಂಥಗಳ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದು ಬಂದುದು ಇಲ್ಲಿ. ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದು ಪುಷ್ಪದಂತ ಭೂತಬಲಿ ಆಚಾರ್ಯರು ಬರೆದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಮಹಾಟೀಕೆಯೆ ಧವಲಾ. ಅದರ ಪ್ರಮಾಣವು 72 ಸಾವಿರ ಶ್ಲೋಕಗಳಷ್ಟು. ಜಯಧವಲೆಯು ಕಷಾಯಪಾಹುಡದ ಟೀಕೆ. ಅದನ್ನು ವೀರಸೇನರು ಆರಂಭಿಸಿದರು, ಶಿಷ್ಯರಾದ ಜಿನಸೇನರು ಮುಗಿಸಿದರು. ಅದರ ಪ್ರಮಾಣವು 60 ಸಾವಿರ. ಭಾಷೆಯು ಪ್ರಾಕೃತ ಮತ್ತು ಸಂಸ್ಕೃತವಾದರೂ ಲಿಪಿಯು ಹಳಗನ್ನಡ. ಹೊಯ್ಸಳರ ಕಾಲದಲ್ಲಿ, 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ಈ ಗರಿಗಳಲ್ಲಿ ವರ್ಣಚಿತ್ರಗಳೂ ಇವೆ.

ಶತಮಾನಗಳವರೆಗೆ ಈ ಗ್ರಂಥಗಳಿಗೆ ಪೂಜೆ ನಡೆಯಿತು. ದೂರದೂರದ ಯಾತ್ರಿಕರು ಬಂದು ದರ್ಶನ ಪಡೆದರು. ಆದರೆ ಓದುವವರು ವಿರಳವಾದರು. ಗರಿಗಳು ಒಣಗಿ ಅಂಚು ಮುರಿಯತೊಡಗಿದುವು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರೂ ಸೊಲ್ಲಾಪುರದ ಹೀರಾಚಂದ ನೇಮಚಂದರೂ ಈ ಸ್ಥಿತಿಯನ್ನು ಕಂಡು ಮರುಗಿದರು. ಇಬ್ಬರೂ ವ್ಯಾಪಾರಸ್ಥರು. ಹಾಳಾಗುವ ಸರಕನ್ನು ಕಂಡರೆ ವ್ಯಾಪಾರಿಯ ಮನಸ್ಸು ಸುಮ್ಮನಿರದು. ಅದರಲ್ಲಿಯೂ ಮತ್ತೊಮ್ಮೆ ಎಲ್ಲಿಯೂ ಸಿಗದ ಸರಕದು. ಅವರ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯವು ಆರಂಭವಾಗಿ ಕಾಲು ಶತಮಾನದಷ್ಟು ಕಾಲ ನಡೆಯಿತು. ಆದರೂ ಪ್ರತಿಗಳು ಊರು ಬಿಟ್ಟು ಹೋಗಬಾರದೆಂಬುದು ಊರಿನ ಹಿರಿಯರ ಕಟ್ಟುನಿಟ್ಟು. ಈ ಅಂಜಿಕೆಗೆ ಕಾರಣವಿಲ್ಲದಿಲ್ಲ. ಪರಸ್ಥಳಕ್ಕೆ ಹೋದ ಗ್ರಂಥವು ಮರಳಿ ಬಾರದಿದ್ದ ಅನುಭವವು ಯಾವ ಮಠಕ್ಕೆ ಇಲ್ಲ? ಅಷ್ಟರಲ್ಲಿ ಪ್ರತಿ ಮಾಡುತ್ತಿದ್ದವರಿಂದಲೆ ಇನ್ನೊಂದು ಪ್ರತಿಯು ಗುಟ್ಟಾಗಿ ಹೊರಬಿದ್ದು ಉತ್ತರದೇಶವನ್ನು ಸೇರಿತು. ಅದು ಸರಿಯಾದ ಮಾರ್ಗವೆಂದು ಯಾರೂ ಹೇಳಲಾರರು. ಆದರೆ ಪಂಡಿತ ಲೋಕಕ್ಕೆ ಧವಲೆಯ ಪಾಠವು ಮೊದಲು ಸಿಕ್ಕಿದುದು ಆ ಪ್ರತಿಯ ಮೂಲಕವೆಂಬುದೂ ಸುಳ್ಳಲ್ಲ.

ಮುಂದೆ ಡಾ. ಹೀರಾಲಾಲ್ ಜೈನರು ಹಲವು ವಿದ್ವಾಂಸರ ನೆರವಿನಿಂದ ಸಂಪಾದನೆಯನ್ನು ಕೈಗೊಂಡರು. 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವು ಹೊರಬಂದಿತು. ಅದರ ವೆಚ್ಚಕ್ಕೂ ಆಧಾರವಾದುದು ಒಬ್ಬ ಶ್ರೇಷ್ಠಿಯ ದಾನನಿಧಿ. ಆಗ ಮೂಡುಬಿದಿರೆಯವರು ಮನಸ್ಸು ಮಾಡಿದರು. ಮುಂದಿನ ಸಂಪುಟಗಳ ಪಾಠವನ್ನು ಮೂಲ ತಾಡಪತ್ರಗಳೊಡನೆ ಹೋಲಿಸಿ ತಿದ್ದಲು ಅನುಮತಿ ಕೊಟ್ಟರು. ಒಟ್ಟು 16 ಸಂಪುಟಗಳು ಮುಗಿಯಲು ಸುಮಾರು ಎರಡು ದಶಕಗಳು ಹಿಡಿದುವು. ಇಂದು ಯಾವ ಊರಿನ ಶ್ರಾವಕನಾದರೂ ಆ ಗ್ರಂಥವನ್ನು ಕೈಯಲ್ಲಿ ಹಿಡಿದು ಓದಬಹುದು. ಮೂಲಪ್ರತಿಯ ಗೌರವವು ಇದರಿಂದ ಕುಗ್ಗಲಿಲ್ಲ, ನೂರ್ಮಡಿಯಾಯಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ನಾಡಿನ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಗೊಳಿಸಿ, ಅದು 1948ರಲ್ಲಿ ಪ್ರಕಟವಾದುದೂ, ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನವು ಈ ಊರಿನಲ್ಲಿ ನೆಲೆಗೊಂಡುದೂ ಇದೇ ದಾರಿಯ ಮುಂದಿನ ಹೆಜ್ಜೆಗಳು. ಊರಿನ ಕಾಲೇಜೊಂದಕ್ಕೆ ‘ಧವಲಾ’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಕಪಾಟಿನೊಳಗಿದ್ದ ಹೆಸರು ತರಗತಿಯ ಬಾಗಿಲಿಗೆ ಬಂದಿತು.

ಹಾಗೆಂದು ಎಲ್ಲ ಬಾಗಿಲುಗಳನ್ನೂ ಹಗಲಿರುಳು ತೆರೆದಿಟ್ಟು ಮಲಗಬೇಕೆಂದು ಅರ್ಥವಲ್ಲ. 2013ರ ಜುಲೈ ತಿಂಗಳಿನಲ್ಲಿ ಗುರು ಬಸದಿಯಿಂದ ಅಮೂಲ್ಯವಾದ ಮೂರ್ತಿಗಳು ಕಳುವಾದುವು. ಆ ಸುದ್ದಿಯಿಂದ ನಾಡಿನ ಜೈನರೆಲ್ಲರ ಮನಸ್ಸು ಕಲಕಿಹೋಯಿತು. ತೆರೆಯುವುದು ಬೇರೆ, ಅಲಕ್ಷಿಸುವುದು ಬೇರೆ. ಜ್ಞಾನವನ್ನು ಹಂಚಬೇಕು, ಮೂರ್ತಿಯನ್ನು ಕಾಯಬೇಕು. ಯಾವ ಬಸದಿಯಲ್ಲಿ ಏನಿದೆ, ಎಷ್ಟಿದೆ, ಅದರ ಅಳತೆಯೇನು, ಬರಹವೇನು ಎಂಬ ಪಟ್ಟಿಯೂ ಚಿತ್ರವೂ ಇಲ್ಲದಿದ್ದರೆ ಹೋದುದನ್ನು ತನ್ನದೆಂದು ಸಾಧಿಸುವುದೂ ಕಷ್ಟ.

ಈಗ ಬೆಳೆಯುತ್ತಿರುವ ಊರಿನ ಕಡೆಗೆ ದೃಷ್ಟಿ ಹರಿಸೋಣ. 1965ರಲ್ಲಿ ಶ್ರೀ ಮಹಾವೀರ ಕಾಲೇಜು ಸ್ಥಾಪನೆಯಾದಂದಿನಿಂದ ಮೂಡುಬಿದಿರೆಯು ವಿದ್ಯೆಯ ಊರಾಗಿ ಬೆಳೆಯಿತು. 1995ರಲ್ಲಿ ಡಾ. ಎಂ. ಮೋಹನ ಆಳ್ವರು ಆರಂಭಿಸಿದ ಶಿಕ್ಷಣ ಪ್ರತಿಷ್ಠಾನದಿಂದ ನಾಡಿನ ಮೂಲೆಮೂಲೆಯ ಮಕ್ಕಳು ಇಲ್ಲಿಗೆ ಬರುವಂತಾಯಿತು. 2004ರಿಂದ 2018ರವರೆಗೆ ವರ್ಷಕ್ಕೊಮ್ಮೆ ನಡೆದ ಆಳ್ವಾಸ್ ನುಡಿಸಿರಿಯಿಂದ ಕನ್ನಡ ಸಾಹಿತ್ಯಪ್ರಿಯರಿಗೆ ಈ ಊರು ಪರಿಚಿತವಾಯಿತು. ಸುತ್ತಲ ಹಳ್ಳಿಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಬಂದುವು. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆಯು ಸುಮಾರು 29 ಸಾವಿರ. 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಮಂಗಳೂರಿನಿಂದ ಬರುವ ಹೆದ್ದಾರಿಯನ್ನು ಚತುಷ್ಪಥಗೊಳಿಸುವ ಕಾರ್ಯವೂ ಈಚಿನ ವರ್ಷಗಳಲ್ಲಿ ಕೈಗೂಡುತ್ತಿದೆ. ಅಂಗಡಿಗಳು ಹೆಚ್ಚಿದುವು, ವಿದ್ಯಾರ್ಥಿ ನಿಲಯಗಳು ಹೆಚ್ಚಿದುವು, ಬಹುಮಹಡಿ ಕಟ್ಟಡಗಳು ಎದ್ದುವು. ಇದೆಲ್ಲವೂ ಸಂತೋಷದ ಸಂಗತಿಯೆ. ವ್ಯಾಪಾರವಿಲ್ಲದೆ ಬಿದಿರೆಯು ಹಿಂದೆಯೂ ಬೆಳೆದಿರಲಿಲ್ಲ. ಬೆಳವಣಿಗೆಯನ್ನು ಹಳಿಯುವವರು ಚೋಳ ಶೆಟ್ಟಿಯ, ವಿಕ್ರಮ ಶೆಟ್ಟಿಯ ಬಸದಿಗಳನ್ನು ಕಟ್ಟಿದ ಹಣ ಎಲ್ಲಿಂದ ಬಂತೆಂಬುದನ್ನು ಮರೆತವರು.

ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಸಾವಿರ ಕಂಬದ ಬಸದಿಗೆ ಪ್ರವಾಸಿಗರು ತಂಡೋಪತಂಡವಾಗಿ ಬರುತ್ತಾರೆ. ಅದೇ ಬೀದಿಯಲ್ಲಿರುವ ಸಣ್ಣ ಬಸದಿಗಳ ಮುಂದೆ ಎಷ್ಟು ಮಂದಿ ನಿಲ್ಲುತ್ತಾರೆ? ಕೊಡಂಗಲ್ಲಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಪ್ರಾಚೀನ ಜೈನ ಸಮಾಧಿಗಳಿವೆ. ಅವುಗಳ ದಾರಿಯನ್ನು ಕೇಳುವವರೆಷ್ಟು ಮಂದಿ? ಮಕ್ಕಳು ಬೆಂಗಳೂರು, ಮುಂಬಯಿ, ಪರದೇಶಗಳಲ್ಲಿ ನೆಲಸಿದ ಮೇಲೆ ಮನೆತನದ ಬಸದಿಯ ನಿತ್ಯಪೂಜೆಗೆ, ಎಣ್ಣೆಬತ್ತಿಗೆ, ಮಾಡಿನ ಸೋರಿಕೆಗೆ ಯಾರು ಹೊಣೆ? ಕೆರೆಯ ಬದಿಯ ನಿವೇಶನಕ್ಕೆ ಬೆಲೆ ಬಂದ ಮೇಲೆ ಕೆರೆಗೆ ಬೆಲೆ ಕಟ್ಟುವವರು ಯಾರು?

ಕರಾವಳಿಯ ರೈತನಿಗೆ ಒಂದು ಕಟ್ಟಳೆಯುಂಟು. ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆ, ಕಳೆಯಿತೆಂದರೆ ಜಾತ್ರೆ ಕೋಲಗಳು ಮುಗಿದುವು. ಇನ್ನು ಮಳೆಯ ಸಿದ್ಧತೆ. ಅಷ್ಟರೊಳಗೆ ಮಾಡಿನ ಹಂಚು ಸರಿಯಾಗಬೇಕು, ಸೌದೆ ಒಳಗೆ ಬರಬೇಕು. ಆರುನೂರು ವರ್ಷ ಬಾಳಿದ ಬಸದಿಯು ಬಾಳಿದುದು ಕಗ್ಗಲ್ಲಿನ ಬಲದಿಂದಲ್ಲ. ಪ್ರತಿವರ್ಷವೂ ಮಳೆಗೆ ಮುನ್ನ ಯಾರೋ ಒಬ್ಬರು ಏಣಿಯಿಟ್ಟು ಮೇಲೆ ಹತ್ತಿ ನೋಡಿದುದರಿಂದ ಬಾಳಿತು. ಆ ಯಾರೋ ಒಬ್ಬರ ಹೆಸರು ಯಾವ ಶಿಲಾಶಾಸನದಲ್ಲಿಯೂ ಇಲ್ಲ. ಕಟ್ಟಿಸಿದವರ ಹೆಸರು ಶಿಲೆಯ ಮೇಲಿದೆ. ಕಾಪಾಡಿದವರ ಹೆಸರು ಬಸದಿಯು ಇಂದಿಗೂ ನಿಂತಿರುವುದರಲ್ಲಿದೆ.

ಆದುದರಿಂದ ಪ್ರತಿಷ್ಠೆಗೆಂದು ನಿಧಿ ಕೂಡಿಸುವ ಸಮಾಜವು, ಮೂಡುಬಿದಿರೆಯಲ್ಲಾಗಲಿ ಇಲ್ಲಿಯಾಗಲಿ, ಕೆಲವು ವಿಚಾರಗಳನ್ನು ಮನಸ್ಸಿಗೆ ತಂದುಕೊಳ್ಳುವುದು ಲೇಸು. ಕೂಡಿದ ಹಣದಲ್ಲಿ ಒಂದು ಪಾಲನ್ನು ಮೂಲಧನವಾಗಿ ತೆಗೆದಿರಿಸಿ, ಅದರ ಬಡ್ಡಿಯಿಂದ ವರ್ಷವರ್ಷವೂ ಮಾಡಿನ ಕೆಲಸ ನಡೆಯುವಂತೆ ಮಾಡತಕ್ಕದ್ದು; ಮೂಲಧನಕ್ಕೆ ಕೈ ಹಾಕತಕ್ಕದ್ದಲ್ಲ. ಮೂರ್ತಿ, ಗ್ರಂಥ, ಪಾತ್ರೆ, ಆಭರಣಗಳ ಪಟ್ಟಿಯನ್ನು ಬರೆದು, ಚಿತ್ರ ತೆಗೆಸಿ, ಒಂದಕ್ಕಿಂತ ಹೆಚ್ಚು ಕಡೆ ಇಡತಕ್ಕದ್ದು. ಊರಿನ ಶಾಲಾ ಕಾಲೇಜುಗಳ ಮಕ್ಕಳನ್ನು, ಅವರು ಯಾವ ಮತದವರೇ ಆಗಿರಲಿ, ವರ್ಷಕ್ಕೊಮ್ಮೆ ಕರೆದು ಬಸದಿಯ ಇತಿಹಾಸವನ್ನು ತಿಳಿಸತಕ್ಕದ್ದು. ದೂರದ ಜಿಲ್ಲೆಯಿಂದ ಓದಲು ಬಂದ ಹುಡುಗನು ಜಿರಾಫೆಯ ಕೆತ್ತನೆಯನ್ನು ನೋಡಿ ಮನೆಗೆ ಹೋಗಿ ಹೇಳಿದರೆ, ಬಸದಿಗೆ ಇನ್ನೊಬ್ಬ ಕಾವಲುಗಾರನು ಸಂಬಳವಿಲ್ಲದೆ ಸಿಕ್ಕಿದಂತಾಯಿತು.

2030ರಲ್ಲಿ ಬಿದಿರೆಯ ‘ಹೊಸ ಬಸದಿ’ಗೆ ಆರುನೂರು ವರ್ಷಗಳು ತುಂಬುತ್ತವೆ. ಅಂದು ದೀಪೋತ್ಸವವೂ ಮೆರವಣಿಗೆಯೂ ಬೇಕು. ಅದಕ್ಕಿಂತ ಮೊದಲು, ಹದಿನೆಂಟೂ ಬಸದಿಗಳಲ್ಲಿ ಒಂದೊಂದು ದೀಪವು ನಿತ್ಯವೂ ಉರಿಯುವ ಏರ್ಪಾಡು ಬೇಕು. ಸಾವಿರ ಕಂಬಗಳಲ್ಲಿ ಯಾವ ಕಂಬವೂ ತಾನೊಂದೇ ಮಾಡನ್ನು ಹೊತ್ತಿಲ್ಲ. ಯಾವ ಕಂಬವೂ ತನ್ನ ಪಾಲಿನ ಭಾರವನ್ನು ಇಳಿಸಿಯೂ ಇಲ್ಲ. ಇಂದು ಪ್ರತಿಷ್ಠೆಗೊಳ್ಳುತ್ತಿರುವ ಈ ಜಿನಮಂದಿರವನ್ನು ಕೂಡ ಆರುನೂರು ವರ್ಷಗಳ ಬಳಿಕ ಜನರು ‘ಹೊಸ ಬಸದಿ’ಯೆಂದೇ ಕರೆಯುವಂತಾಗಲಿ. ಆ ಭಾಗ್ಯವು ಇಂದಿನ ಉತ್ಸವದಿಂದ ಬಾರದು. ನಾಳೆಯಿಂದ ಮೊದಲಾಗುವ ಸೇವೆಯಿಂದ ಬರಬೇಕು.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.